ಮಂಪರಿನಲ್ಲಿ ಆಡಿದ ಮಾತು ಯಾರದು?

ಹೃದಯದ ನಾಳಕ್ಕೆ ಸ್ಟೆಂಟ್ ಹಾಕುವಾಗ ಆತಂಕ ತಗ್ಗಲೆಂದು ಮಿಡಜೋಲಮ್, ನೋವಿಗೆಂದು ಫೆಂಟನಿಲ್ ಕೊಡುವುದುಂಟು. ಹೆಚ್ಚಿನವರು ಶಾಂತರಾಗುತ್ತಾರೆ. ಅಪರೂಪಕ್ಕೆ ಕೆಲವರು, ಅದರಲ್ಲೂ ವಯಸ್ಸಾದವರು, ಕೆರಳಿ ಸೂಜಿ ಕೀಳಲು ಹೋಗುತ್ತಾರೆ, ಆರೈಕೆಗೆ ನಿಂತವರನ್ನೇ ಬೈಯುತ್ತಾರೆ. ಆಮೇಲೆ ಅವರಿಗೆ ಸಾಮಾನ್ಯವಾಗಿ ಏನೂ ನೆನಪಿರುವುದಿಲ್ಲ, ಕೇಳಿಸಿಕೊಂಡವರಿಗೆ ಮರೆಯುವುದಿಲ್ಲ. ಹಾಗಾದರೆ ಆ ಮಾತು ಯಾರದು? ಕೋಸಗಿ, ಆದವಾನಿ ಸೀಮೆಯವರು ಇದಕ್ಕೆ ಉತ್ತರ ಹುಡುಕಿ ದೂರ ಹೋಗಬೇಕಿಲ್ಲ. ಪಕ್ಕದ ಮಂತ್ರಾಲಯದಲ್ಲಿ 1671ರಲ್ಲಿ ಬೃಂದಾವನಸ್ಥರಾದ ರಾಘವೇಂದ್ರ ಸ್ವಾಮಿಗಳು ವ್ಯಾಖ್ಯಾನಿಸಿದ ಮಧ್ವಮತ, ಮನಸ್ಸನ್ನೂ ಸಾಕ್ಷಿಯನ್ನೂ ಬೇರೆಬೇರೆಯಾಗಿ ಕಾಣುತ್ತದೆ. ಮನಸ್ಸು ಒಂದು ಇಂದ್ರಿಯ, ಅದಕ್ಕೆ ದೋಷ ತಟ್ಟೀತು. ಸಾಕ್ಷಿ ಜೀವಾತ್ಮನ ಸ್ವರೂಪವೇ. ಸುಖದುಃಖವನ್ನು ನೇರವಾಗಿ ಅರಿಯುವುದು ಅದು. ಔಷಧ ಕದಡಿದ್ದು ಮನಸ್ಸನ್ನು. ಆ ಬೈಗುಳವನ್ನು ಜೀವಾತ್ಮನ ಲೆಕ್ಕಕ್ಕೆ ಬರೆಯುವುದು ಅನ್ಯಾಯವೆಂದೇ ನನ್ನ ವಾದ.

‘ಒಳಗಿದ್ದದ್ದೇ ಹೊರಬಂತು’ ಎನ್ನುವವರಿದ್ದಾರೆ. ಆದರೆ ಇಂಥ ಭ್ರಮೆಯಲ್ಲಿ ಕೆಲವರು ಇಲ್ಲದ್ದನ್ನು ಕಾಣುತ್ತಾರೆ, ಹೆತ್ತ ಮಗನನ್ನೇ ಗುರುತಿಸುವುದಿಲ್ಲ. ಮಗನೆಂದೇ ತಿಳಿಯದವರು ಮಗನ ಬಗ್ಗೆ ಬಚ್ಚಿಟ್ಟ ಸತ್ಯ ಹೇಳುತ್ತಿದ್ದಾರೆಂದು ನಂಬುವುದು ಹೇಗೆ? ಮಿಡಜೋಲಮ್‌ನಿಂದ ಬಂದ ಕೆರಳಿಕೆ ಫ್ಲೂಮಜೆನಿಲ್ ಎಂಬ ಪ್ರತ್ಯೌಷಧದಿಂದ ಹಲವರಲ್ಲಿ ನಿಮಿಷಗಳಲ್ಲೇ ಇಳಿಯುತ್ತದೆ. ಹಳೆಯ ಹಗೆ ಹಾಗೆ ಇಳಿಯದು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಜೀವಕ್ಕೆ ಸೋಂಕದ, ನೆನಪೂ ಉಳಿಯದ ಆ ಸಂಕಟಕ್ಕೆ ನಾವೇಕೆ ಮರುಗಬೇಕು? ಮರುಗಲೇಬೇಕು. ಮರೆವು ಬಂದದ್ದು ಆಮೇಲೆ. ಆ ಗಳಿಗೆಯ ಭಯವನ್ನು ಸಾಕ್ಷಿ ಪೂರ್ತಿಯಾಗಿ ಅನುಭವಿಸಿತ್ತು. ಆದ್ದರಿಂದ ಕೈಕಟ್ಟಿ ಮಲಗಿಸಿ ಸುಮ್ಮನಾಗುವಂತಿಲ್ಲ. ಆಮ್ಲಜನಕ ಕಡಿಮೆಯಾಗಿದೆಯೇ, ಮೂತ್ರ ಕಟ್ಟಿದೆಯೇ, ನೋವು ಉಳಿದಿದೆಯೇ ಎಂದು ಮೊದಲು ನೋಡಬೇಕು. ಕೆರಳಿಕೆ ತಂದ ಮದ್ದಿನ ಹೆಸರನ್ನು ಮನೆಯವರು ಬರೆಸಿಕೊಂಡು, ಮುಂದಿನ ಚಿಕಿತ್ಸೆಗೆ ಮುನ್ನ ಅರಿವಳಿಕೆ ವೈದ್ಯರಿಗೆ ತಪ್ಪದೆ ತೋರಿಸಬೇಕು.