ದಾಯಭಾಗವೂ ಅಣುವ್ರತವೂ

ಐದು ಅಣುವ್ರತಗಳಲ್ಲಿ ಕಡೆಯದಾದ ಪರಿಗ್ರಹಪರಿಮಾಣವು ಗೃಹಸ್ಥನಿಗೆ ಬಹು ಸುಲಭವೆಂದು ತೋರುವ ವ್ರತ. ಇಷ್ಟು ಹೊಲ, ಇಷ್ಟು ಮನೆ, ಇಷ್ಟು ಬೆಳ್ಳಿ ಬಂಗಾರ, ಇದಕ್ಕೆ ಮೀರಿದ್ದು ನನಗೆ ಬೇಡವೆಂದು ಜಿನಬಿಂಬದ ಸನ್ನಿಧಿಯಲ್ಲಿ ಸಂಕಲ್ಪಿಸಿದರೆ ವ್ರತವನ್ನು ಕೈಕೊಂಡಂತಾಯಿತು. ಆದರೆ ಆ ಪಟ್ಟಿಯನ್ನು ಬರೆಯುವ ಮುನ್ನ ಶ್ರಾವಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ನಾನು ಮಿತಿ ಹಾಕಿಕೊಳ್ಳುತ್ತಿರುವ ಈ ಆಸ್ತಿಯೆಲ್ಲವೂ ನನ್ನದೇ ಹೌದೆ? ತಂದೆಯಿಂದ ಬಂದ ಹೊಲದಲ್ಲಿ ಒಡಹುಟ್ಟಿದವಳ ಪಾಲು ಸೇರಿಕೊಂಡಿದ್ದರೆ, ಐದನೆಯ ವ್ರತದ ಮಾತು ಹಾಗಿರಲಿ, ಮೂರನೆಯದಾದ ಅಚೌರ್ಯವೇ ಉಳಿಯಲಿಲ್ಲ.

ಇದು ಬರಿಯ ತರ್ಕದ ಮಾತಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ನೆಲವನ್ನೇ ನೋಡಬಹುದು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು 1930ರ ದಶಕದ ಆದಿಯಲ್ಲಿ ಪೂರ್ಣಗೊಂಡು, ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದಾಗ, ರಾಗಿ ಹುರುಳಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಕಬ್ಬು ಭತ್ತದ ಗದ್ದೆಗಳಾದವು. ನಾಗಮಂಗಲದ ನೆಲವಾದರೋ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. ಒಂದೇ ವಂಶದ ಎರಡು ಕವಲುಗಳಲ್ಲಿ ನಾಲೆಯ ಕೆಳಗೆ ಜಮೀನಿದ್ದವರು ಅನುಕೂಲಸ್ಥರೆನಿಸಿದರು, ಬೆದ್ದಲಿನವರು ಬಡವರಾಗಿಯೇ ಉಳಿದರು. ಇಬ್ಬರ ದುಡಿಮೆಯಲ್ಲಿ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ನಾಲೆಯ ದಾರಿಯಲ್ಲಿ. ಮುಂದೆ 2023ರಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದಾಗ ಅದರ ಆಸುಪಾಸಿನ ಭೂಮಿಗೂ ಹೊಸ ಬೆಲೆ ಬಂದಿತು. ಅಜ್ಜ ಉತ್ತ ಹೊಲ ಮೊಮ್ಮಗನಿಗೆ ನಿಧಿಯಾಯಿತು.

ಹೀಗೆ ಬಂದ ಸಂಪತ್ತನ್ನು ನಾವು ಪೂರ್ವಜನ್ಮದ ಪುಣ್ಯವೆಂದು ಕರೆಯುತ್ತೇವೆ. ಇರಬಹುದು. ಆದರೆ ಅದೇ ತಾಯಿಯ ಬಸಿರಲ್ಲಿ ಹುಟ್ಟಿ ಅದೇ ಹೊಲದಲ್ಲಿ ಕಳೆ ಕಿತ್ತ ಮಗಳಿಗೆ ಆ ಪುಣ್ಯದಲ್ಲಿ ಪಾಲಿಲ್ಲವೆಂದು ತೀರ್ಮಾನಿಸಿದವರು ಯಾರು? ಕರ್ಮವೋ, ಅಣ್ಣತಮ್ಮಂದಿರೋ? ಅಂತರಾಯ ಕರ್ಮವು ಹೇಗೆ ಬಂಧವಾಗುತ್ತದೆಂಬುದನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದ್ದಾರೆ: ಪರರಿಗೆ ವಿಘ್ನವನ್ನುಂಟುಮಾಡುವುದೇ ಅದರ ಆಸ್ರವಕ್ಕೆ ಕಾರಣ. ತಂಗಿಗೆ ಬರಬೇಕಾದ ಲಾಭಕ್ಕೆ ಅಡ್ಡ ನಿಂತು, ಬಳಿಕ ಅವಳಿಗೆ ಲಾಭಾಂತರಾಯ ಕರ್ಮದ ಉದಯವಾಗಿದೆಯೆಂದು ಹೇಳುವವನು ತನಗೆ ತಾನೇ ಕಟ್ಟಿಕೊಳ್ಳುತ್ತಿರುವುದೂ ಅದೇ ಕರ್ಮವನ್ನು.

ನಾಡಿನ ಕಾನೂನು ಈ ವಿಷಯದಲ್ಲಿ ಮೆಲ್ಲಮೆಲ್ಲನೆ ಮುಂದುವರಿದಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು ಸ್ತ್ರೀಯರಿಗೆ ಕುಟುಂಬದ ಆಸ್ತಿಯಲ್ಲಿ ಕೆಲವು ಹಕ್ಕುಗಳನ್ನು ಕೊಟ್ಟಿತು. 1956ರ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಕರ್ನಾಟಕವು 1994ರ ತಿದ್ದುಪಡಿಯಿಂದ ಆಗ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳನ್ನು ಗಂಡುಮಕ್ಕಳಿಗೆ ಸಮನಾದ ಪಾಲುದಾರರನ್ನಾಗಿ ಮಾಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ವಿವಾಹಿತೆ, ಅವಿವಾಹಿತೆಯೆಂಬ ಭೇದವನ್ನೂ ತೊಡೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದೂ, ಅದಕ್ಕೆ 2005ರಲ್ಲಿ ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿತು.

ಇದನ್ನು ಹೊರಗಿನಿಂದ ಬಂದ ಹೊಸ ಕಟ್ಟಳೆಯೆಂದು ಹಲವರು ಬೇಸರಪಡುವುದುಂಟು. ಅವರು ಜಿನಸೇನಾಚಾರ್ಯರ ಆದಿಪುರಾಣವನ್ನು ಒಮ್ಮೆ ತೆರೆದು ನೋಡಬೇಕು. ಒಂಬತ್ತನೆಯ ಶತಮಾನದ ಆ ಗ್ರಂಥದಲ್ಲಿ, ಮನೆಯನ್ನು ತೊರೆಯಲು ಸಿದ್ಧನಾದ ಗೃಹಸ್ಥನು ಹಿರಿಯ ಮಗನನ್ನು ಕರೆದು ಹೇಳಬೇಕಾದ ಮಾತು ಬರುತ್ತದೆ. ಸಂಪತ್ತನ್ನು ಮೂರು ಭಾಗ ಮಾಡಬೇಕು. ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಇನ್ನೊಂದು ಒಡಹುಟ್ಟಿದವರಿಗೆ. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳಿಗೆ ಸಮನಾದ ಅಂಶಕ್ಕೆ ಅರ್ಹರೆಂದು ಆಚಾರ್ಯರು ವಿಧಿಸಿದ್ದಾರೆ. ಸಂಸತ್ತು 2005ರಲ್ಲಿ ಹೇಳಿದ್ದನ್ನು ನಮ್ಮ ಗುರುಗಳು ಸಾವಿರದ ನೂರು ವರ್ಷಗಳ ಹಿಂದೆಯೇ ಹೇಳಿದ್ದರು. ಮರೆತವರು ನಾವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆದಿನಾಥ ಸ್ವಾಮಿಯು ಭರತ, ಬಾಹುಬಲಿ ಮೊದಲಾದ ಪುತ್ರರಿಗೆ ರಾಜ್ಯಗಳನ್ನು ಕೊಟ್ಟನು. ಬ್ರಾಹ್ಮಿಗೂ ಸುಂದರಿಗೂ ಕೊಟ್ಟದ್ದು ಅಕ್ಷರವನ್ನು ಮತ್ತು ಅಂಕವನ್ನು ಮಾತ್ರವಲ್ಲವೆ? ನಿಜ. ಆದರೆ ಆ ಇಬ್ಬರೂ ದೀಕ್ಷೆಯನ್ನು ಪಡೆದು ಆರ್ಯಿಕೆಯರಾದರು. ಸಂಸಾರವನ್ನೇ ಬಿಟ್ಟವರಿಗೆ ಹೊಲವೇಕೆ? ಸಂಸಾರದಲ್ಲಿ ಇರುವ ನಮ್ಮ ಹೆಣ್ಣುಮಕ್ಕಳಿಗೆ ಆ ದೃಷ್ಟಾಂತ ಸಲ್ಲದು. ಇನ್ನು, ರಾಜ್ಯವನ್ನು ಪಡೆದ ಪುತ್ರರ ಕಥೆಯೂ ಏನಾಯಿತು? ತನ್ನ ಪಾಲು ಸಾಲದೆಂದು ತಮ್ಮನ ಪಾಲಿಗೆ ಕೈಯಿಟ್ಟ ಚಕ್ರವರ್ತಿ ಸೋತನು. ಗೆದ್ದವನು ಗೆದ್ದುದನ್ನು ಬಿಟ್ಟು ನಡೆದನು.

ಮದುವೆಗೆ ಮಾಡಿದ ಖರ್ಚೇ ಮಗಳ ಪಾಲು ಎನ್ನುವುದು ಎರಡನೆಯ ಆಕ್ಷೇಪ. ಮದುವೆಯ ಛತ್ರ, ಊಟ, ವಾಲಗಗಳ ಬಹುಭಾಗ ಮನೆತನದ ಪ್ರತಿಷ್ಠೆಗಾಗಿ ನಡೆಯುವಂಥದು. ಮಗಳ ಕೈಗೆ ಉಳಿಯುವುದು ಸ್ವಲ್ಪ. ಅಂಥ ಖರ್ಚು ಮಗನ ಓದಿಗೂ ಮದುವೆಗೂ ಆಗಿರುತ್ತದೆ. ಅದನ್ನು ಅವನ ಪಾಲಿನಲ್ಲಿ ಯಾರೂ ಕಳೆಯುವುದಿಲ್ಲ. ಜಮೀನು ತುಂಡಾಗುತ್ತದೆಂಬುದು ಮೂರನೆಯದು. ಸಣ್ಣ ಹಿಡುವಳಿಗಳ ಈ ಸೀಮೆಯಲ್ಲಿ ಇದು ನ್ಯಾಯವಾದ ಚಿಂತೆಯೇ. ಆದರೆ ಪಾಲನ್ನು ಕೊಡಲು ಬದು ಹಾಕಲೇಬೇಕೆಂದಿಲ್ಲ. ಬೆಲೆ ಕಟ್ಟಿ ಕಂತಿನಲ್ಲಿ ಹಣ ಕೊಡಬಹುದು, ಫಸಲಿನ ಅಂಶವನ್ನು ಕೊಡಬಹುದು. ತಮ್ಮ ತಮ್ಮಲ್ಲಿಯೇ ಹಂಚಿಕೊಳ್ಳುವಾಗ ತುಂಡಿನ ಚಿಂತೆ ಮಾಡದ ಅಣ್ಣತಮ್ಮಂದಿರು ತಂಗಿಯ ಹೆಸರು ಬಂದಾಗ ಮಾತ್ರ ಅದನ್ನು ನೆನೆಯಬಾರದು.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ನಾಲ್ಕನೆಯ ಮಾತು: “ಅವಳೇ ಬೇಡವೆಂದು ಬಿಟ್ಟುಕೊಟ್ಟಳು.” ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಪ್ರತಿ ಊರಲ್ಲಿಯೂ ಇದ್ದಾರೆ. ಅವರಲ್ಲಿ ಮನಃಪೂರ್ವಕವಾಗಿ ಬಿಟ್ಟವರು ಇಲ್ಲದಿಲ್ಲ. ಅದು ಅವರ ಹಿರಿಮೆ. ಆದರೆ ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಸಹಿ ಮಾಡುವವರೇ ಹೆಚ್ಚಲ್ಲವೆ? ತ್ಯಾಗವೆಂಬುದು ದಶಧರ್ಮಗಳಲ್ಲಿ ಒಂದು. ಕೈಯಲ್ಲಿದ್ದುದನ್ನು ಬಿಟ್ಟರೆ ಅದು ತ್ಯಾಗ. ಕೈಗೆ ಬಾರದುದನ್ನು ಬಿಡಿಸಿದರೆ ಅದು ಅಪಹಾರ. ತ್ಯಾಗವನ್ನು ಒಬ್ಬರು ಮಾಡಿ ಪರಿಗ್ರಹವನ್ನು ಇನ್ನೊಬ್ಬರು ಇಟ್ಟುಕೊಳ್ಳುವ ಏರ್ಪಾಡಿಗೆ ಧರ್ಮದ ಹೆಸರು ಒಪ್ಪುವುದಿಲ್ಲ. ಅವಳಿಗೆ ಆಸ್ತಿಯ ವಿಸ್ತೀರ್ಣವನ್ನೂ ಇಂದಿನ ಬೆಲೆಯನ್ನೂ ತಿಳಿಸಿ, ಯೋಚಿಸಲು ಕಾಲಾವಕಾಶ ಕೊಟ್ಟು, “ಬೇಕು” ಎಂದರೂ ತವರಿನ ಪ್ರೀತಿ ಕಡಿಮೆಯಾಗದೆಂದು ಮನಗಾಣಿಸಿದ ಮೇಲೆ ಅವಳು ಬಿಟ್ಟರೆ, ಅದನ್ನು ತ್ಯಾಗವೆಂದು ಕೈಮುಗಿದು ಸ್ವೀಕರಿಸಬಹುದು.

ಪಾಲಿಲ್ಲದ ಶ್ರಾವಿಕೆಗೆ ದಾನವೂ ಇಲ್ಲವೆಂಬುದನ್ನು ನಾವು ಗಮನಿಸುವುದಿಲ್ಲ. ನೋಂಪಿಯ ಉದ್ಯಾಪನೆಗೆ ಆಕೆ ಗಂಡನನ್ನೋ ಮಗನನ್ನೋ ಕೇಳಬೇಕು. ಹಿಂದೆ ಹೀಗಿರಲಿಲ್ಲವೆನ್ನಲು ನಾಗಮಂಗಲದ ಗಡಿಯಾಚೆಗಿರುವ ಶ್ರವಣಬೆಳಗೊಳದ ಶಾಸನಗಳೇ ಸಾಕ್ಷಿ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಯುದ್ಧದಲ್ಲಿ ಗೆದ್ದು ಬಂದಾಗ, ಅರಸನು ಮೆಚ್ಚಿ ಬೇಡಿದ್ದನ್ನು ಕೊಡುವೆನೆನ್ನಲು, ಪರಮವೆಂಬ ಗ್ರಾಮವನ್ನು ಬೇಡಿ ಪಡೆದು, ತಾಯಿ ಪೋಚಲದೇವಿಯೂ ಮಡದಿ ಲಕ್ಷ್ಮಿಯೂ ಮಾಡಿಸಿದ ಬಸದಿಗಳಿಗೆ ಬಿಟ್ಟನು. ಆ ಮನೆಯ ಹೆಂಗಸರು ತಮ್ಮ ಹೆಸರಿನಲ್ಲಿ ಬಸದಿಯನ್ನು ಕಟ್ಟಿಸಬಲ್ಲವರಾಗಿದ್ದರು; ಗೆದ್ದು ಬಂದ ಗಂಡಸು ತನ್ನ ಬಹುಮಾನವನ್ನು ಆ ಧರ್ಮಕ್ಕೆ ಒಪ್ಪಿಸಿದನು.

ಮಗಳೆಂದರೆ ಮನೆಯ ಆಸ್ತಿ ಹೊರಗೆ ಹೋಗುವ ದಾರಿಯೆಂಬ ಭಾವನೆ ಬೆಳೆದರೆ ಅದು ಎಲ್ಲಿಯವರೆಗೆ ಹೋದೀತು? 2023ರಲ್ಲಿ ಇದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿರಿಸಿ ಭ್ರೂಣದ ಲಿಂಗವನ್ನು ಪತ್ತೆಮಾಡುತ್ತಿದ್ದುದು ಬಯಲಾಯಿತು. 2024ರಲ್ಲಿ ಪಾಂಡವಪುರದಿಂದಲೂ ಭ್ರೂಣಹತ್ಯೆಯ ಸುದ್ದಿ ಬಂದಿತು. ಇದಕ್ಕೆ ಆಸ್ತಿಯೊಂದೇ ಕಾರಣವೆನ್ನಲಾಗದು. ಆದರೆ ಮಗಳನ್ನು ನಷ್ಟವೆಂದು ಎಣಿಸುವ ಲೆಕ್ಕಾಚಾರ ಎಲ್ಲಿ ಆರಂಭವಾದರೂ ಅದರ ಕೊನೆ ಹಿಂಸೆಯಲ್ಲಿಯೇ. ಅಚೌರ್ಯ ಸಡಿಲವಾದ ಮನೆಯಲ್ಲಿ ಅಹಿಂಸೆಯೂ ಬಹುಕಾಲ ನಿಲ್ಲದು.

ದಶಲಕ್ಷಣ ಪರ್ವದ ಹತ್ತು ದಿನ ಉಪವಾಸವನ್ನೋ ಏಕಾಶನವನ್ನೋ ನಡೆಸುವ ಮನೆಗಳು ನಮ್ಮಲ್ಲಿ ಅನೇಕ. ಉತ್ತಮ ತ್ಯಾಗ, ಉತ್ತಮ ಆಕಿಂಚನ್ಯದ ದಿನಗಳಲ್ಲಿ ಪೂಜೆಯಾದ ಬಳಿಕ ಮನೆಯ ಹಿರಿಯನು ಪಹಣಿ ಪತ್ರಗಳನ್ನು ಹೊರತೆಗೆದು, ಯಾರ ಪಾಲು ಯಾರಲ್ಲಿ ಉಳಿದಿದೆಯೆಂದು ಮಕ್ಕಳ ಎದುರಿನಲ್ಲಿ ಓದಲಿ. ಕ್ಷಮಾವಣಿಯಂದು ತಂಗಿಯ ಮನೆಗೆ ಹೋಗಿ ಕ್ಷಮೆ ಕೇಳುವಾಗ ಕೈ ಬರಿದಾಗಿರದಿರಲಿ. ಒಂದು ಹೊತ್ತಿನ ಅನ್ನವನ್ನು ಬಿಡುವುದು ಕಷ್ಟವೇನಲ್ಲ, ಮರುದಿನ ಪಾರಣೆಯುಂಟು. ಪರರ ಅನ್ನವನ್ನು ಬಿಡುವ ಉಪವಾಸಕ್ಕೆ ಪಾರಣೆಯಿಲ್ಲ. ಅದನ್ನು ಬಾಳಿರುವ ತನಕ ನಡೆಸಬೇಕು.