ಉಡುವಲ್ಲಿಯ ಧರ್ಮ

ನಿದ್ರೆಯಿಂದೆದ್ದ ಮಾನವನು ಮೊದಲು ಮಾಡುವ ಕಾರ್ಯಗಳಲ್ಲಿ ಬಟ್ಟೆ ತೊಡುವುದೂ ಒಂದು. ಅದನ್ನು ನೋಡುವವರಿಲ್ಲ, ಮೆಚ್ಚುವವರಿಲ್ಲ. ಇಂಥ ಅಲ್ಪ ಕಾರ್ಯವನ್ನೂ ಯೆಹೂದ್ಯರು ಧರ್ಮದ ಕಕ್ಷೆಯೊಳಗೆ ತಂದಿರುವರು. ಜೋಸೆಫ್ ಕಾರೋ ಎಂಬ ಪಂಡಿತನು ಗಲಿಲಾಯದ ಸಫೇದ್ ಪಟ್ಟಣದಲ್ಲಿ ನೆಲೆಸಿ ರಚಿಸಿದ ‘ಶುಲ್ಹಾನ್ ಆರುಖ್’ ಎಂಬ ಧರ್ಮಸಂಹಿತೆಯು 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ಆಚಾರನಿಷ್ಠ ಯೆಹೂದ್ಯರಿಗೆ ಅದು ಇಂದಿಗೂ ಪ್ರಮಾಣ. ಅದರ ಮೊದಲ ಭಾಗದ ಎರಡನೆಯ ಅಧ್ಯಾಯವೇ ಉಡುಗೆಯ ವಿಧಿ.

ಎದ್ದು ಕುಳಿತು ಅಂಗಿ ತೊಡಲಾಗದು. ಹೊದಿಕೆಯೊಳಗೆ ಮಲಗಿದ್ದಂತೆಯೇ ತಲೆಯನ್ನೂ ತೋಳುಗಳನ್ನೂ ಅದರಲ್ಲಿ ತೂರಿಸಿಕೊಂಡು, ಮೈ ಮುಚ್ಚಿದವನಾಗಿಯೇ ಏಳಬೇಕು. ಒಳಕೋಣೆಯ ಕತ್ತಲೆಯಲ್ಲಿ ತನ್ನನ್ನು ಕಾಣುವವರಾರೆಂದು ಭಾವಿಸುವುದು ಸಲ್ಲದು. ಭಗವಂತನ ಮಹಿಮೆಯು ತುಂಬದ ಸ್ಥಳವೇ ಇಲ್ಲವಷ್ಟೆ. ತನ್ನ ಅಂಗಿಯ ಒಳಹೊಲಿಗೆಯನ್ನು ಮನೆಯ ತೊಲೆಗಳು ಸಹ ಕಂಡಿಲ್ಲವೆಂದು ರಬ್ಬಿ ಯೋಸೆ ಹೇಳಿಕೊಂಡ ಮಾತು ತಾಲ್ಮುದ್ ಗ್ರಂಥದಲ್ಲಿ ಬಂದಿದೆ. ಜನರೆದುರಿನ ಲಜ್ಜೆಯನ್ನು ಎಲ್ಲರೂ ಬಲ್ಲರು; ಏಕಾಂತದ ಲಜ್ಜೆಯು ಭಕ್ತನಿಗೆ ಮಾತ್ರ ಸಾಧ್ಯವಾದುದು.

ಪಾದರಕ್ಷೆಯ ವಿಧಿಯನ್ನು ಓದುವವರಿಗೆ ನಗು ಬಂದರೂ ಬಂದೀತು. ಬಲಗಾಲಿಗೆ ಮೊದಲು ತೊಡಬೇಕು, ಆದರೆ ದಾರವನ್ನು ಕಟ್ಟಬಾರದು. ಎಡಗಾಲಿಗೆ ತೊಟ್ಟು ಕಟ್ಟಬೇಕು. ಆಮೇಲೆ ಬಲಗಾಲಿನದನ್ನು ಕಟ್ಟಬೇಕು. ಬಲಕ್ಕೆ ಅಗ್ರಮರ್ಯಾದೆ ಸಲ್ಲುವುದು ಸಹಜ. ಎಡಕ್ಕೇಕೆ? ಶಾಸ್ತ್ರವಾಕ್ಯಗಳನ್ನು ಅಡಗಿಸಿದ ಚರ್ಮದ ಸಂಪುಟವೊಂದನ್ನು ಅವರು ಪ್ರಾರ್ಥನೆಯ ಕಾಲದಲ್ಲಿ ಎಡತೋಳಿಗೆ ಕಟ್ಟಿಕೊಳ್ಳುವರು. ಆದುದರಿಂದ ಕಟ್ಟುವಲ್ಲಿ ಎಡಕ್ಕೆ ಗೌರವ. ಬಲ ಮೊದಲೋ ಎಡ ಮೊದಲೋ ಎಂದು ಗುರುಗಳಲ್ಲಿ ಮತಭೇದವಿದ್ದಾಗ, ಎರಡೂ ಪಕ್ಷಗಳನ್ನು ಮನ್ನಿಸಿ ಹೀಗೆ ನಡೆದವನು ಮಾರ್ ಎಂಬ ದೈವಭೀರು. ಈ ಕ್ರಮವನ್ನು ಲೆಕ್ಕಿಸದ ರಾವ್ ಕಹಾನನೆಂಬ ಪಂಡಿತನೂ ಇದ್ದನೆಂಬುದನ್ನು ಅದೇ ತಾಲ್ಮುದ್ ಮುಚ್ಚಿಡದೆ ಹೇಳುತ್ತದೆ.

ಉಡುವಾಗ ಸ್ತುತಿಯೂ ಉಂಟು. ಬಟ್ಟೆ ತೊಡುವಾಗ, ಬೆತ್ತಲೆಯವರಿಗೆ ಉಡಿಸುವ ದೇವನನ್ನು ನೆನೆಯಬೇಕು. ಪಾದರಕ್ಷೆ ಮೆಟ್ಟುವಾಗ, ತನ್ನ ಸಕಲ ಅಗತ್ಯಗಳನ್ನೂ ಪೂರೈಸಿದವನನ್ನು. ನಡುಕಟ್ಟು ಬಿಗಿಯುವಾಗ, ಬಲವನ್ನಿತ್ತವನನ್ನು. ಒಂದೊಂದು ಕ್ರಿಯೆಗೆ ಒಂದೊಂದು ನುಡಿ. ಕಾಲಾನಂತರದಲ್ಲಿ ಜನರು ಇವೆಲ್ಲವನ್ನೂ ಪ್ರಾರ್ಥನಾಮಂದಿರದಲ್ಲಿ ಒಟ್ಟಿಗೆ ಪಠಿಸತೊಡಗಿದರು. 1204ರಲ್ಲಿ ನಿಧನನಾದ ಮೈಮೊನಿಡೀಸನು ಇದನ್ನು ತಪ್ಪೆಂದು ಖಂಡಿಸಿದನು. ಕ್ರಿಯೆಯಿಲ್ಲದೆ ಅದರ ಸ್ತುತಿಯಿರಲಾಗದೆಂಬುದು ಅವನ ನಿಲುವು. ರೂಢಿಯೇ ಗೆದ್ದಿತು. ಆದರೂ ಮೈಮೊನಿಡೀಸನ ಆಕ್ಷೇಪಣೆಯ ತಿರುಳು ಸವೆದಿಲ್ಲ. ಉಡಿಸುವ ದೇವನನ್ನು ನಾಲಗೆಯಿಂದ ಹೊಗಳಿ, ಉಡಲಿಲ್ಲದವನನ್ನು ಬಾಗಿಲಿನಿಂದ ಅಟ್ಟಿದರೆ ಆ ಸ್ತುತಿಗೆ ಅರ್ಥವೇನುಳಿಯಿತು?

ಉಣ್ಣೆಯನ್ನೂ ಅಗಸೆನಾರಿನ ನೂಲನ್ನೂ ಕೂಡಿಸಿದ ಬಟ್ಟೆಯನ್ನು ಉಡಲಾಗದೆಂಬ ನಿಷೇಧವೊಂದು ಮೋಶೆಯ ಧರ್ಮಶಾಸ್ತ್ರದಲ್ಲಿದೆ. ಕಾರಣವನ್ನು ಶಾಸ್ತ್ರವು ತಿಳಿಸಿಲ್ಲ. ಅವರು ಪಾಲಿಸುವರು, ಅಷ್ಟೆ. ಆದರೆ ಅದೇ ಧರ್ಮೋಪದೇಶಕಾಂಡದ ಮತ್ತೊಂದು ವಿಧಿಗೆ ಕಾರಣವನ್ನು ಕೇಳಬೇಕಾದುದೇ ಇಲ್ಲ. ಬಡವನು ಸಾಲಕ್ಕಾಗಿ ಹೊದಿಕೆಯನ್ನು ಒತ್ತೆಯಿಟ್ಟರೆ, ಅವನು ಹೊದ್ದು ಮಲಗುವಂತೆ ಸೂರ್ಯಾಸ್ತದ ವೇಳೆಗೆ ಅದನ್ನು ಹಿಂದಿರುಗಿಸಬೇಕು. ಒತ್ತೆಯನ್ನು ತರಲು ಸಾಲಗಾರನ ಮನೆಯೊಳಗೆ ನುಗ್ಗಲೂ ಕೂಡದು. ವಿಧವೆಯ ಉಡುಪನ್ನಂತೂ ಒತ್ತೆಯಾಗಿ ಮುಟ್ಟುವಂತೆಯೇ ಇಲ್ಲ.

ಮಿಷ್ನಾ ಗ್ರಂಥವು ಇನ್ನೂ ಸೊಗಸಾದುದೊಂದನ್ನು ಹೇಳುತ್ತದೆ. ಪ್ರಾಚೀನ ಯೆರೂಸಲೇಮಿನ ಕನ್ಯೆಯರು ವರ್ಷಕ್ಕೆ ಎರಡು ದಿನ ಬಿಳಿಯ ಉಡುಪಿನಲ್ಲಿ ದ್ರಾಕ್ಷಿಯ ತೋಟಗಳಿಗೆ ಹೋಗಿ ನರ್ತಿಸುತ್ತಿದ್ದರು. ಆ ದಿನ ಎಲ್ಲರ ಉಡುಪೂ ಎರವಿನದು. ಅರಸನ ಮಗಳೂ ತನ್ನದನ್ನು ತೊಡದೆ ಮಹಾಯಾಜಕನ ಮಗಳಿಂದ ಎರವು ತರುವಳು. ಇಲ್ಲದವಳು ನಾಚಿಕೊಳ್ಳಬಾರದೆಂಬುದೇ ಇದರ ಉದ್ದೇಶ. ಬಡವಳಿಗೆ ಒಂದು ಸೀರೆಯನ್ನು ದಾನವಾಗಿ ಕೊಡುವುದು ಸುಲಭ. ಇದ್ದವಳೇ ಎರವಿನವಳಾಗಿ ಆಕೆಯ ಪಕ್ಕದಲ್ಲಿ ನಿಲ್ಲುವುದು ಅಷ್ಟು ಸುಲಭವಲ್ಲ.

ತೋರಾ ಗ್ರಂಥವು ದಯೆಯಿಂದ ಆರಂಭವಾಗಿ ದಯೆಯಲ್ಲಿಯೇ ಮುಗಿಯುವುದೆಂದು ರಬ್ಬಿ ಸಿಮ್ಲೈ ಬೋಧಿಸಿದನು: ಆದಿಯಲ್ಲಿ ದೇವನು ಆದಾಮ ಹವ್ವರಿಗೆ ಚರ್ಮದ ಅಂಗಿಗಳನ್ನು ತೊಡಿಸಿದನು, ಅಂತ್ಯದಲ್ಲಿ ಮೋಶೆಯನ್ನು ಸಮಾಧಿ ಮಾಡಿದನು. ಉಡಿಸುವುದೂ ಹೂಳುವುದೂ ಒಂದೇ ದಯೆಯ ಎರಡು ತುದಿಗಳು. ಆದರೆ ಒಂದು ಕಾಲದಲ್ಲಿ ಹೆಣಕ್ಕೆ ಉಡಿಸುವ ಆಡಂಬರವು ಎಷ್ಟು ಬೆಳೆಯಿತೆಂದರೆ, ಬಂಧುಗಳಿಗೆ ಸಾವಿಗಿಂತ ಶವಸಂಸ್ಕಾರದ ವೆಚ್ಚವೇ ಭಾರವಾಯಿತು. ಹೆಣವನ್ನು ಬಿಟ್ಟು ಓಡಿಹೋಗುವವರೂ ಇದ್ದರು. ಆಗ ಜನಾಂಗದ ನಾಯಕನಾಗಿದ್ದ ರಬ್ಬಾನ್ ಗಮಾಲಿಯೇಲನು ತನ್ನ ದೊಡ್ಡಸ್ತಿಕೆಯನ್ನು ಬದಿಗೊತ್ತಿ, ತನ್ನ ಶವವನ್ನು ಸಾದಾ ನಾರುಬಟ್ಟೆಯಲ್ಲಿಯೇ ಒಯ್ಯುವಂತೆ ಮಾಡಿದನು. ಜನರೆಲ್ಲರೂ ಅದನ್ನೇ ಅನುಸರಿಸಿದರು. ಹಲವು ತಲೆಮಾರುಗಳ ತರುವಾಯ ರಾವ್ ಪಾಪ ಎಂಬ ಗುರುವಿನ ಕಾಲದಲ್ಲಿ, ಒಂದೇ ನಾಣ್ಯ ಬೆಲೆಯ ಒರಟು ಬಟ್ಟೆಯಲ್ಲಿ ಶವವನ್ನು ಒಯ್ಯುವುದು ಸಹ ಎಲ್ಲರ ವಾಡಿಕೆಯಾಗಿತ್ತು.