ಎಡಮುರಿ, ಬಲಮುರಿ

ಖಾನಾಪುರದ ಮಣ್ಣು ಕುಂಬಾರಿಕೆಗೆ ಹೆಸರುವಾಸಿ. ಅಲ್ಲಿನ ಹಿರಿಯ ಕುಂಬಾರರೊಬ್ಬರ ಪಡಸಾಲೆಯಲ್ಲಿ ಗೇಣುದ್ದದ ಗಣಪತಿಗಳು ಒಣಗುತ್ತಿದ್ದವು. ಎಲ್ಲವೂ ಎಡಮುರಿ. ಒಂದನ್ನು ಎತ್ತಿಕೊಂಡು, ‘ಕಾಕಾ, ಇದನ್ನ ಬಲಮುರಿ ಮಾಡಾಕ ಬರತೈತೇನ್ರಿ?’ ಎಂದೆ.

‘ಹೆಂಗ ತಿರುಗಿಸಿದ್ರೂ ಎಡಮುರಿ ಎಡಮುರೀನರೀ. ಬಲಮುರಿ ಬೇಕಂದ್ರ ಸೊಂಡಿ ತಗದು ಮತ್ತ ಹಚ್ಚಬೇಕು.’

ಗೋಡೆಯ ಕನ್ನಡಿಯಲ್ಲಿ ಮಾತ್ರ ನನ್ನ ಕೈಯ ಗಣಪತಿ ಬಲಮುರಿಯಾಗಿ ಕೂತಿದ್ದ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ, ತರಗತಿಯಲ್ಲಿ ನಾನು ಪ್ರತಿವರ್ಷ ಹೇಳುವ ದ್ಯುತಿ ಸಮಾಂಗತೆಯ ಪಾಠ ನೆನಪಾಯಿತು. ನಡುವೆ ಒಂದು ಕೋಬಾಲ್ಟ್ ಅಯಾನು. ಎರಡೆರಡು ಕೈ ಚಾಚಿ ಅದನ್ನು ಹಿಡಿದ ಮೂರು ಎಥಿಲೀನ್‌ಡೈಅಮೀನ್ ಅಣುಗಳು, ಫ್ಯಾನಿನ ಮೂರು ರೆಕ್ಕೆಗಳಂತೆ. ರೆಕ್ಕೆಗಳ ಓರೆ ಎಡಕ್ಕೂ ಇರಬಹುದು, ಬಲಕ್ಕೂ ಇರಬಹುದು. ಪರಮಾಣುಗಳು ಅವೇ, ತೂಕ ಅದೇ, ಬಣ್ಣ ಅದೇ. ಆದರೂ ಒಂದು ಇನ್ನೊಂದಲ್ಲ.

ಈ ಭೇದ ಧ್ರುವೀಕೃತ ಬೆಳಕಿಗೆ ಗೊತ್ತು. ಒಂದು ಅದರ ಕಂಪನದ ಸಮತಲವನ್ನು ಬಲಕ್ಕೆ ಹೊರಳಿಸಿದರೆ ಇನ್ನೊಂದು ಅಷ್ಟೇ ಎಡಕ್ಕೆ. ಸಕ್ಕರೆ ಸಂಸ್ಥೆಯಿರುವ ನಮ್ಮ ಬೆಳಗಾವಿಗೆ ಇದು ಹೊಸದಲ್ಲ. ಕಬ್ಬಿನ ರಸದ ಸಕ್ಕರೆಯನ್ನು ಪೋಲಾರಿಮೀಟರಿನಲ್ಲಿ ಅಳೆಯುವುದೂ ಅದು ಬೆಳಕನ್ನು ಎಷ್ಟು ಬಲಕ್ಕೆ ಹೊರಳಿಸಿತು ಎಂದು ನೋಡಿಯೇ. ಆದರೆ ಪ್ರಯೋಗಶಾಲೆಯ ಕೋಬಾಲ್ಟ್ ದ್ರಾವಣದಲ್ಲಿ ಎಡಮುರಿ, ಬಲಮುರಿಗಳು ಸಾಮಾನ್ಯವಾಗಿ ಸರಿಸಮ ಹುಟ್ಟುತ್ತವೆ. ಒಂದು ಹೊರಳಿಸಿದ್ದನ್ನು ಇನ್ನೊಂದು ಅಳಿಸುತ್ತದೆ. ಬೆಳಕು ಏನೂ ಆಗದಂತೆ, ಹೊರಳದೆ ಹಾದುಹೋಗುತ್ತದೆ.

ಇಂಥದೊಂದು ಕೋಬಾಲ್ಟ್ ಜೋಡಿಯನ್ನು 1911ರಲ್ಲಿ ಜ್ಯೂರಿಕ್‌ನಲ್ಲಿ ಆಲ್ಫ್ರೆಡ್ ವರ್ನರ್ ಮತ್ತು ಅವರ ಶಿಷ್ಯ ವಿಕ್ಟರ್ ಕಿಂಗ್ ಬೇರ್ಪಡಿಸಿದರು. ಅದಕ್ಕೆ ನೆರವಾದದ್ದು ಕರ್ಪೂರದಿಂದ ತಯಾರಾದ ಆಮ್ಲದ ಲವಣ! ಮರದ ಕರ್ಪೂರದ ಅಣುವಿಗೂ ಒಂದೇ ಮುರಿ. ಅದರ ಜೊತೆ ಕೂಡಿದಾಗ ಎಡಮುರಿ, ಬಲಮುರಿಗಳು ಕರಗುವ ಪರಿ ಬೇರೆಯಾಯಿತು. ಒಂದು ಮೊದಲು ಹರಳುಗಟ್ಟಿತು. ಬೆಳಕನ್ನು ಹೊರಳಿಸುವುದು ಇಂಗಾಲದ ಗುಣವೆಂದು ಆಗಲೂ ಅನುಮಾನಿಸಿದವರಿದ್ದರು. 1914ರಲ್ಲಿ ವರ್ನರ್ ಇಂಗಾಲವೇ ಇಲ್ಲದ ಕೋಬಾಲ್ಟ್ ಅಯಾನಿನಲ್ಲೂ ಅದನ್ನು ತೋರಿಸಿದರು. ಗುಣವಿರುವುದು ವಸ್ತುವಿನಲ್ಲಿ ಮಾತ್ರವಲ್ಲ, ಅದು ಕೂಡಿಕೊಂಡ ಬಗೆಯಲ್ಲೂ.

ನನ್ನನ್ನು ಇಂದಿಗೂ ಮೌನವಾಗಿಸುವುದು ಆ ಕರ್ಪೂರ. ಮುರಿಯನ್ನು ಗುರುತಿಸಲು ಇನ್ನೊಂದು ಮುರಿಯೇ ಬೇಕು. ಬಲಗೈ ಹಸ್ತಲಾಘವಕ್ಕೆ ಬಲಗೈ ಸಿಕ್ಕಾಗಲೇ ಹಿಡಿತ ಕೂಡುವಂತೆ.

ಆ ಗಣಪತಿ ಈಗ ನಮ್ಮ ದೇವರ ಜಗಲಿಯ ಮೇಲಿದ್ದಾನೆ. ಒಂದೇ ಕಡೆ ಮುಖಮಾಡಿ ಒಂದರ ಮೇಲೊಂದು ಇಟ್ಟರೆ ಹೆಬ್ಬೆರಳು ಹೆಬ್ಬೆರಳಿಗೆ ಹೊಂದದ ನನ್ನ ಎರಡು ಅಂಗೈಗಳು ಅವನೆದುರು ಬೆರಳಿಗೆ ಬೆರಳು ಕೂಡುತ್ತವೆ. ನಡುವೆ ಕಾಣದ ಕನ್ನಡಿಯೊಂದು ನಿಂತಿರುತ್ತದೆ.